ಫ್ರೇಮ್ ಬೇಡದ ಎಂಟಿಂಚಿನ ಚಿತ್ರ

ಎಂಟಿಂಚಿನ ಚಿತ್ರಕ್ಕೆ ಮರದ ಫ್ರೇಮು, ಗಾಜು ಹಾಕಿಸಿದರೆ ಚಿತ್ರಕ್ಕೆ ಎಷ್ಟೋ ಫ್ರೇಮಿಗೂ ಅಷ್ಟೇ ಆಗುತ್ತದೆ. ಕೊಳ್ಳುವವರ ಜೇಬಿಗೆ ಎರಡು ಪಟ್ಟು ಭಾರ, ನನ್ನ ಕೈಗೆ ಮಾತ್ರ ಒಂದು ಪಾಲು. ಅದೂ ಅಲ್ಲದೆ ಕಾರವಾರದ ಹವೆಯಲ್ಲಿ ಗಾಜಿನ ಹಿಂದೆ ಪಸೆ ಸೇರಿಕೊಂಡರೆ ಬೂಷ್ಟು ಹಿಡಿಯುವುದು ತಪ್ಪಿದ್ದಲ್ಲ. ಹಾಗಾಗಿ ನಾನು ಮಾರಲೆಂದು ಬರೆಯುವ ಚಿಕ್ಕ ಚಿತ್ರಗಳೆಲ್ಲ ಸುತ್ತಿ ಎಳೆದ ಕ್ಯಾನ್ವಾಸಿನ ಮೇಲೆ. ಬಟ್ಟೆ ಮರದ ಪಟ್ಟಿಯ ಪಕ್ಕಗಳನ್ನೂ ಮುಚ್ಚಿ ಹಿಂದೆ ಹೋಗುತ್ತದೆ, ಪಿನ್ನು ಹಿಂದೆ, ಪಕ್ಕಕ್ಕೂ ಬಣ್ಣ. ಗೋಡೆಗೆ ಒಂದು ಮೊಳೆ ಹೊಡೆದರೆ ಕೆಲಸ ಮುಗಿಯಿತು. ಕೈಗಾಕ್ಕೋ ನೌಕಾನೆಲೆಗೋ ವರ್ಗವಾಗಿ ಬಂದು ಬಾಡಿಗೆ ಮನೆಯಲ್ಲಿರುವವರು ನನ್ನ ಒಳ್ಳೆಯ ಗಿರಾಕಿಗಳು. ಊರು ಬಿಡುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟು ಒಯ್ಯಬಹುದಾದ ಚಿತ್ರ ಅವರಿಗೆ ಬೇಕು.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕ್ಯಾನ್ವಾಸಿನ ಪಟ್ಟಿ ಹೆಚ್ಚಾಗಿ ತೆಳು. ಗೋಡೆಗೆ ಹಾಕಿದರೆ ಅಂಟಿಸಿದ ಕಾಗದದಂತೆ ಕಾಣುತ್ತದೆ. ನನಗೆ ಒಂದೂಕಾಲು ಇಂಚು ದಪ್ಪದ ಪಟ್ಟಿಯೇ ಆಗಬೇಕು, ಅದನ್ನು ಬಡಗಿಯ ಹತ್ತಿರ ಕೊಯ್ಸಿಕೊಳ್ಳುತ್ತೇನೆ. ಮರ ಪೂರ್ತಿ ಒಣಗಿರಬೇಕು, ಮುಂಭಾಗದ ಒಳ ಅಂಚನ್ನು ಇಳಿಜಾರಾಗಿ ಕೆತ್ತಿರಬೇಕು. ಇಳಿಜಾರು ಇಲ್ಲದಿದ್ದರೆ ಬ್ರಶ್ ಒತ್ತಿದಲ್ಲೆಲ್ಲ ಬಟ್ಟೆಗೆ ಮರ ತಾಗಿ ಚಿತ್ರದ ಮೇಲೆ ಚೌಕಾಕಾರದ ಗೆರೆ ಮೂಡುತ್ತದೆ. ಜೋಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಅಳತೆ ಒಂದೇ ಬಂದರೆ ಚೌಕ ನೆಟ್ಟಗಿದೆ ಎಂದು ಲೆಕ್ಕ.

ಎಂಟಿಂಚಿನ ಚೌಕಕ್ಕೆ ಹದಿಮೂರು ಇಂಚಿನ ಬಟ್ಟೆ ಬೇಕು. ಎರಡು ಪಕ್ಕಕ್ಕೆ ಎರಡೂವರೆ, ಹಿಂದೆ ಮಡಚಲು ಇನ್ನೊಂದು ಎರಡೂವರೆ. ಪಿನ್ ಹೊಡೆಯುವುದನ್ನು ಮೂಲೆಯಿಂದ ಶುರು ಮಾಡಬಾರದು. ಒಂದು ಬದಿಯ ನಡುವೆ ಒಂದು, ಎದುರು ಬದಿಯ ನಡುವೆ ಬಟ್ಟೆ ಎಳೆದು ಇನ್ನೊಂದು, ಆಮೇಲೆ ಉಳಿದೆರಡು ಬದಿ. ಅಲ್ಲಿಂದ ಮೂಲೆಗಳ ಕಡೆಗೆ ಸರಿಯುತ್ತಾ ಹೋಗಬೇಕು. ಬೆರಳಿನಿಂದ ತಟ್ಟಿದರೆ ಢಬ್ ಎನ್ನಬೇಕು, ಅಷ್ಟು ಬಿಗಿ. ಇನ್ನು ಮೂಲೆಯ ಮಡಿಕೆ. ಅದು ಮೇಲಿನ ಮತ್ತು ಕೆಳಗಿನ ಬದಿಗೇ ಬರಬೇಕು, ಎಡಬಲಕ್ಕಲ್ಲ. ಕೋಣೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಎಡಬಲದ ಪಕ್ಕಗಳೇ. ಒಳಗೆ ಸಿಕ್ಕಿಕೊಳ್ಳುವ ಹೆಚ್ಚಿನ ಬಟ್ಟೆಯನ್ನು ಬೆರಳಿನಿಂದ ಚಪ್ಪಟೆ ಒತ್ತಿ, ಮಡಿಕೆಯ ಗೆರೆ ಮರದ ಅಂಚಿಗೆ ಸರಿಯಾಗಿ ಕೂತ ಮೇಲೆಯೇ ಪಿನ್ನು. ಇದರ ಮೇಲೆ ಎರಡು ಮೂರು ಕೋಟ್ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಟ್ಟೆಗೆ ಬಳಿಯುವ ಬಿಳಿ ತಳಬಣ್ಣ, ನಡುನಡುವೆ ನಯವಾದ ಸ್ಯಾಂಡ್ ಪೇಪರ್. ಪಕ್ಕಗಳಿಗೂ ಅಷ್ಟೇ ಕೋಟ್. ಬಹಳ ಜನ ಪಕ್ಕಕ್ಕೆ ಒಂದೇ ಕೋಟ್ ಬಳಿದು ಬಿಡುತ್ತಾರೆ, ಆಮೇಲೆ ಅಲ್ಲಿ ಬಣ್ಣ ಹೀರಿ ಮಂಕಾಗುತ್ತದೆ.

ಪಕ್ಕಕ್ಕೆ ಯಾವ ಬಣ್ಣ ಎನ್ನುವುದನ್ನು ಚಿತ್ರ ಮುಗಿದ ಮೇಲೆ ಯೋಚಿಸುವವರಿದ್ದಾರೆ. ನಾನು ಮೊದಲೇ ನಿರ್ಧರಿಸುತ್ತೇನೆ. ಸಮುದ್ರದ ಚಿತ್ರವಾದರೆ ನೀರು, ಆಕಾಶ ಎರಡನ್ನೂ ಪಕ್ಕಕ್ಕೆ ಹೊರಳಿಸಲೇಬೇಕು. ದಿಗಂತದ ಗೆರೆ ಮೂಲೆಯಲ್ಲಿ ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೆ ಚಿತ್ರ ಶುರು ಮಾಡುವ ಮೊದಲೇ ಅಳತೆಪಟ್ಟಿ ಇಟ್ಟು ಎದುರಿಗೂ ಎರಡೂ ಪಕ್ಕಕ್ಕೂ ಒಂದೇ ಎತ್ತರದಲ್ಲಿ ಪೆನ್ಸಿಲ್ ಗೆರೆ ಎಳೆದುಕೊಳ್ಳುತ್ತೇನೆ. ಹಡಗು, ಮನೆ, ಮನುಷ್ಯರಿದ್ದರೆ ಪಕ್ಕಕ್ಕೆ ಒಂದೇ ಗಾಢ ಬಣ್ಣ ಸಾಕು. ಅರ್ಧ ದೋಣಿ ಮಡಚಿ ಪಕ್ಕಕ್ಕೆ ಹೋಗಿರುವುದು ನೋಡಲು ಚಂದವಿಲ್ಲ. ಕೆಳಗಿನ ಬದಿಯನ್ನು ಬಿಳಿ ಬಿಡುವುದು ನನ್ನ ಲೆಕ್ಕದಲ್ಲಿ ಮೋಸ.

ಏನು ಬರೆಯುವುದು? ಚಿಕ್ಕ ಕ್ಯಾನ್ವಾಸೆಂದರೆ ದೊಡ್ಡ ಚಿತ್ರವನ್ನು ಕುಗ್ಗಿಸಿದ್ದಲ್ಲ. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಅದನ್ನು ಪೂರ್ತಿಯಾಗಿ ಎಂಟಿಂಚಿಗೆ ಇಳಿಸಿದರೆ ಹುತ್ತದ ಹಾಗೆ ಕಾಣುತ್ತದೆ. ಕರಿಬಂಡೆಯ ಒಂದು ಸೀಳು, ಅದರ ಮೇಲೆ ಜಾರಿದ ಬೆಳಕು ಬರೆದರೆ ಅದೇ ಯಾಣ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಂತೂ ಚೌಕದ ಕ್ಯಾನ್ವಾಸಿಗೆಂದೇ ಇದ್ದಂತಿವೆ: ನೀರು ಕಟ್ಟಿದ ಮಡಿ, ಬದು, ಅಂಚಿನಲ್ಲೊಂದು ಬಿಳಿ ರಾಶಿ. ಬೈತಖೋಲ್ ಬಂದರಿನ ದೋಣಿಗಳ ಮೂತಿ, ಕಾಳಿ ನದಿಯ ಅಳಿವೆ, ದೇವಗಡ ದ್ವೀಪದ ದೀಪಸ್ತಂಭ ಇವೂ ಹೋಗುತ್ತವೆ. ಓಂ ಬೀಚಿನ ಸೂರ್ಯಾಸ್ತ ಮಾತ್ರ ಬರೆಯುವುದಿಲ್ಲ. ಬಂದವರೆಲ್ಲರ ಮೊಬೈಲಿನಲ್ಲೂ ಅದು ನನ್ನದಕ್ಕಿಂತ ಚೆನ್ನಾಗಿರುತ್ತದೆ.

ಶಿರಸಿ ಕಡೆಯವರಿಗೆ ಬೇರೆಯದೇ ರುಚಿ. ಅಲ್ಲಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಕಾವಿ ಚಿತ್ರಗಳಿವೆಯಲ್ಲ, ಆ ಕೆಂಪು ಬಿಳಿ ಕಂಡರೆ ಅವರ ಕೈ ತಾನಾಗಿ ಮುಂದೆ ಬರುತ್ತದೆ. ಕಾವಿ ಕೆಲಸದಲ್ಲಿ ಸುಣ್ಣದ ಗಾರೆಯ ಮೇಲಿನ ಕೆಂಪು ಪದರವನ್ನು ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿ ಕಾಣಿಸುತ್ತಾರೆ. ನಾನು ಅದನ್ನೇ ಅಕ್ರಿಲಿಕ್‌ನಲ್ಲಿ ಮಾಡುತ್ತೇನೆ. ಬಿಳಿ ಪೂರ್ತಿ ಒಣಗಿದ ಮೇಲೆ ಕಾವಿ ಕೆಂಪಿಗೆ ಸ್ವಲ್ಪ ರಿಟಾರ್ಡರ್ (ಬಣ್ಣ ಬೇಗ ಆರದಂತೆ ತಡೆಯುವ ದ್ರವ) ಬೆರೆಸಿ ಬಳಿದು, ಬಿದಿರ ಕಡ್ಡಿಯ ಚೂಪಿನಿಂದ ಬಳ್ಳಿ, ಹೂವು ಕೆರೆಯುವುದು. ಬೇಸಿಗೆಯಲ್ಲಿ ಕೈ ಚುರುಕಾಗಿರಬೇಕು. ಮಳೆಗಾಲದಲ್ಲಿ ರಿಟಾರ್ಡರೂ ಬೇಡ, ಬಣ್ಣ ನಿಧಾನವಾಗಿ ಆರುವುದರಿಂದ ಕೆರೆಯಲು ಬೇಕಷ್ಟು ಹೊತ್ತು ಸಿಗುತ್ತದೆ.

ಮಳೆಗಾಲದ ಉಪಕಾರ ಅಲ್ಲಿಗೆ ಮುಗಿಯಿತು. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುವ ಊರು ನಮ್ಮದು. ಪಸೆ ಗಾಳಿಯಲ್ಲಿ ವಾರ್ನಿಶ್ ಹಾಕಿದರೆ ಮೇಲೆ ಹಾಲಿನಂಥ ಪೊರೆ ಕಟ್ಟಬಹುದು. ಹಾಗಾಗಿ ಜೂನ್‌ನಿಂದ ಬರೆದದ್ದೆಲ್ಲ ವಾರ್ನಿಶ್‌ಗೆ ಅಕ್ಟೋಬರಿನ ಬಿಸಿಲು ಕಾಯುತ್ತದೆ. ಅಕ್ರಿಲಿಕ್ ಮುಟ್ಟಿದರೆ ಒಣಗಿದಂತಿದ್ದರೂ ಮುಖಕ್ಕೆ ಮುಖ ಒತ್ತಿ ಇಟ್ಟರೆ ಒಂದಕ್ಕೊಂದು ಅಂಟಿ ಬಣ್ಣ ಕಿತ್ತು ಬರುತ್ತದೆ. ನಡುವೆ ಬಟರ್ ಪೇಪರ್ ಇರಲೇಬೇಕು, ಪ್ಲಾಸ್ಟಿಕ್ ನೇರವಾಗಿ ತಾಗಬಾರದು. ಹಿಂದಿನ ಕೆಳ ಮೂಲೆಗಳಿಗೆ ಎರಡು ರಬ್ಬರ್ ಬಿಲ್ಲೆ ಅಂಟಿಸಿಯೇ ಕೊಡುತ್ತೇನೆ. ಚಿತ್ರ ಗೋಡೆಯಿಂದ ತುಸು ದೂರ ನಿಂತರೆ ಹಿಂದೆ ಗಾಳಿ ಆಡುತ್ತದೆ. ಚಿರೇಕಲ್ಲಿನ ಗೋಡೆ ಆಷಾಢದಲ್ಲಿ ಬೆವರುವುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಬೆಲೆಯ ಮಾತು. ಚದರಿಂಚಿಗೆ ಇಷ್ಟು ಎನ್ನುವ ಲೆಕ್ಕ ಚಿಕ್ಕ ಚಿತ್ರಕ್ಕೆ ಹೊಂದುವುದಿಲ್ಲ. ಚದರಿಂಚಿಗೆ 20 ರೂಪಾಯಿ ಹಿಡಿದರೆ ಆರಿಂಚಿನದಕ್ಕೆ 720, ಹನ್ನೆರಡರದಕ್ಕೆ 2880. ಆದರೆ ದೊಡ್ಡದರಲ್ಲಿ ಕೆಲಸವೇನೂ ನಾಲ್ಕು ಪಟ್ಟಲ್ಲ, ಮೂಲೆ ಮಡಚುವುದು ಎರಡಕ್ಕೂ ನಾಲ್ಕೇ. ಅದಕ್ಕೆ ಅಗಲ, ಎತ್ತರ ಕೂಡಿಸಿ ಬಂದ ಇಂಚಿಗೆ 75 ಹಾಕುತ್ತೇನೆ: ಆರಕ್ಕೆ 900, ಎಂಟಕ್ಕೆ 1200, ಹನ್ನೆರಡಕ್ಕೆ 1800. ಹೀಗಾದರೆ ಚಿಕ್ಕದರಲ್ಲಿ ನನಗೂ ಗಿಟ್ಟುತ್ತದೆ, ದೊಡ್ಡದು ಕೇಳಿದವರೂ ಹೆದರಿ ಓಡುವುದಿಲ್ಲ. ಅಗ್ಗ ಮಾಡಬೇಕೆಂದರೆ ಒಟ್ಟಿಗೆ ಹತ್ತು ಕ್ಯಾನ್ವಾಸ್ ಎಳೆದು, ಒಟ್ಟಿಗೆ ಜೆಸ್ಸೊ ಬಳಿದು ಸಮಯ ಉಳಿಸಬೇಕು. ಬಟ್ಟೆ, ಬಣ್ಣದಲ್ಲಿ ಉಳಿಸಲು ಹೋಗಬಾರದು.

ಹೋಂಸ್ಟೇ, ಕೆಫೆಗಳಲ್ಲಿ ಇಟ್ಟರೆ ಮೂರನೇ ಒಂದು ಪಾಲು ಅವರಿಗೆ. ಆ ಪಾಲನ್ನು ನಾನು ಬೆಲೆಯೊಳಗೇ ಸೇರಿಸಿರುತ್ತೇನೆ. ಅಲ್ಲೊಂದು ಬೆಲೆ, ನನ್ನ ಮನೆಯಲ್ಲೊಂದು ಬೆಲೆ ಮಾಡಿದರೆ ಅಂಗಡಿಯವರು ಮುಂದಿನ ಸಲ ಗೋಡೆ ಕೊಡುವುದಿಲ್ಲ. ಚೌಕಾಸಿಗೆ ಇಳಿಯುವುದಿಲ್ಲ. ಮೂರು ಒಟ್ಟಿಗೆ ಕೊಂಡರೆ ಕೊರಿಯರ್ ಖರ್ಚು ಮಾತ್ರ ನನ್ನದು.