ಹೊಳೆಯುವ ನರಕೋಶಗಳ ಬೆನ್ನು ಹತ್ತಿ

ನಾನು ಕೆಲಸ ಮಾಡಿದ್ದು ನೆಮಟೋಸ್ಟೆಲ್ಲಾ ಎಂಬ ಪುಟ್ಟ ಸಮುದ್ರ ಅನಿಮೋನ್ (ಹೂವಿನಂತೆ ಕಾಣುವ ಪ್ರಾಣಿ) ಮೇಲೆ. ಇದಕ್ಕೆ ಮೆದುಳಿಲ್ಲ, ಮೈತುಂಬ ಹರಡಿದ ನರಕೋಶಗಳ ಬಲೆ ಇದೆ. ಆ ಕೋಶಗಳು ಯಾವುದರಿಂದ ಹುಟ್ಟುತ್ತವೆ ಅನ್ನೋದೇ ನನ್ನ ಪ್ರಶ್ನೆ.

ಮೊಟ್ಟೆಗೆ ಪರದಾಡಬೇಕಿಲ್ಲ. ಸಮುದ್ರದ ನೀರಿನ ಮೂರನೇ ಒಂದರಷ್ಟು ಉಪ್ಪಿರುವ ನೀರಲ್ಲಿ, 18 ಡಿಗ್ರಿಯ ಕತ್ತಲಲ್ಲಿ ಸಾಕಬೇಕು. ಒಂದು ರಾತ್ರಿ 25 ಡಿಗ್ರಿಗೆ ತಂದು ಬೆಳಕು ಕೊಟ್ಟರೆ ಮೊಟ್ಟೆ ಇಡುತ್ತವೆ. ಸುತ್ತಲಿನ ಲೋಳೆಯನ್ನು ಸಿಸ್ಟೀನ್ ದ್ರಾವಣ ಕರಗಿಸುತ್ತದೆ. ಅವಸರ ಇರೋದು ಆಮೇಲೆ. ಫಲಿತ ಮೊಟ್ಟೆ ಎರಡಾಗುವ ಮೊದಲೇ ಗಾಜಿನ ಸೂಜಿಯಿಂದ ಡಿಎನ್‌ಎ ಚುಚ್ಚಬೇಕು.

ಆ ಡಿಎನ್‌ಎಯಲ್ಲಿ, ನರಕೋಶ ಹುಟ್ಟಿಸುವ ಕೋಶಗಳಲ್ಲಿ ಕೆಲಸ ಮಾಡುವ ಸಾಕ್ಸ್‌ಬಿ2 ಜೀನಿನ ಸ್ವಿಚ್ಚು, ಅಂದರೆ ಜೀನನ್ನು ಚಾಲೂ ಮಾಡುವ ಭಾಗ, ಇರುತ್ತದೆ. ಅದರ ಹಿಂದೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಪ್ರೋಟೀನಿನ ಜೀನ್. ಚುಚ್ಚಿದ ಮರಿಗಳಲ್ಲಿ ಹೊಳಪು ಅಲ್ಲಲ್ಲಿ ಮಾತ್ರ. ಅವಕ್ಕೆ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿ ತಿನ್ನಿಸಿ, ತಿಂಗಳುಗಟ್ಟಲೆ ಬೆಳೆಸಿ, ಸಾಮಾನ್ಯ ಪ್ರಾಣಿಗಳ ಜೊತೆ ಕೂಡಿಸಿದ ಮೇಲೆ ಸರಿಯಾಗಿ ಹೊಳೆಯುವ ಪೀಳಿಗೆ ಸಿಗುತ್ತದೆ. ಇಷ್ಟು ಕಾದದ್ದು ಸಾರ್ಥಕ ಅಂತ ಈಗಲೂ ಹೇಳುತ್ತೇನೆ.

ಏಕೆಂದರೆ ಜೀನ್ ಕೆಲಸ ಮಾಡುವಾಗ ತಯಾರಾಗುವ ಆರ್‌ಎನ್‌ಎಗೆ ಬಣ್ಣ ಹಾಕಿ ನೋಡಿದರೆ ಆ ಹೊತ್ತಿಗೆ ಜೀನ್ ಎಲ್ಲಿ ಕೆಲಸ ಮಾಡುತ್ತಿದೆ ಅನ್ನೋದಷ್ಟೇ ಗೊತ್ತಾಗುತ್ತದೆ. ಹೊಳೆಯುವ ಪ್ರೋಟೀನ್ ಹಾಗಲ್ಲ. ಜೀನ್ ಸುಮ್ಮನಾದ ಮೇಲೂ ಅದು ಕೋಶದಲ್ಲಿ ಉಳಿಯುತ್ತದೆ, ಕೋಶ ಎರಡಾಗಿ ಒಡೆದರೆ ಮರಿಕೋಶಗಳಿಗೂ ಹೋಗುತ್ತದೆ. ಹಾಗಾಗಿ ಸಾಕ್ಸ್‌ಬಿ2 ಕೆಲಸ ಮಾಡಿದ ಕೋಶ ಮುಂದೆ ಏನಾಯ್ತು ಅಂತ ಹಿಂಬಾಲಿಸಬಹುದು. ನರಕೋಶಗಳೂ ಹೊಳೆದವು, ಬೇಟೆಯನ್ನು ಚುಚ್ಚುವ ಕುಟುಕು ಕೋಶಗಳೂ ಹೊಳೆದವು! ಎರಡೂ ಒಂದೇ ಮೂಲದವು ಅನ್ನೋದನ್ನು ಜೀವಂತ ಪ್ರಾಣಿಯಲ್ಲೇ ನೋಡುವುದು ನನಗೆ ದೊಡ್ಡ ಖುಷಿ. ಇನ್ನೊಂದು ವಿಷಯ, ಇಲ್ಲಿ ನರಕೋಶಗಳು ಹೊರಪದರದಲ್ಲಿ ಮಾತ್ರವಲ್ಲ, ಒಳಪದರದಲ್ಲೂ ಹುಟ್ಟುತ್ತವೆ.

ಆದರೆ ಈ ಉಳಿಯುವ ಗುಣಕ್ಕೇ ಎಚ್ಚರವೂ ಬೇಕು. ಹೊಳೆಯುವ ಕೋಶದಲ್ಲಿ ಜೀನ್ ಈಗಲೂ ನಡೆಯುತ್ತಿದೆ ಎಂದು ಬರೆಯುವಂತಿಲ್ಲ. ಅದಕ್ಕೆ ಆರ್‌ಎನ್‌ಎ ಪರೀಕ್ಷೆ ಬೇಕೇ ಬೇಕು. ಕೋಶದ ಗುರುತಿಗೂ ಅಷ್ಟೇ. ನರಕೋಶಗಳಲ್ಲಿ ಕೆಲಸ ಮಾಡುವ ಇಲಾವ್1 ಜೀನಿನ ಹೊಳಪು ಬೇರೆ ಬಣ್ಣದಲ್ಲಿರುವ ತಳಿಯ ಜೊತೆ ಕೂಡಿಸಿದರೆ ಎರಡೂ ಬಣ್ಣ ಇರುವುದು ನರಕೋಶ. ಇಲಾವ್1 ಬಣ್ಣ ಇಲ್ಲದ ಮಾತ್ರಕ್ಕೆ ನರಕೋಶ ಅಲ್ಲ ಎನ್ನುವಂತಿಲ್ಲ, ಅದು ಕೆಲವು ಬಗೆಯ ನರಕೋಶಗಳಲ್ಲಷ್ಟೇ ಇರೋದು. ಕುಟುಕು ಕೋಶವಾದರೆ ಒಳಗಿನ ಉದ್ದನೆ ಕುಟುಕು ಚೀಲ ಮಾಮೂಲಿ ಬೆಳಕಲ್ಲೇ ಕಾಣುತ್ತದೆ, ನಾನು ಮೊದಲು ಅದನ್ನೇ ಹುಡುಕುತ್ತೇನೆ.