ಬ್ಲರ್ ಬೇಕಾದಾಗ ನಾನು ನೋಡುವುದು ಬರೀ ಎಫ್ ನಂಬರ್ ಅಲ್ಲ

ಮೈಸೂರಿನಲ್ಲಿ ಮದುವೆ, ನಾಮಕರಣ, ಮನೆಮಂದಿಯ ಫೋಟೋ ತೆಗೆಯುವುದು ನನ್ನ ಕೆಲಸ. ಹೊಸದಾಗಿ ಕ್ಯಾಮೆರಾ ಕೊಂಡವರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಸಾರ್, ಹಿಂದೆ ಬ್ಲರ್ ಬರಬೇಕು, ಯಾವ ಲೆನ್ಸ್ ತಗೊಳ್ಳಲಿ?" 50 ಎಂಎಂ ಎಫ್/1.8 ಎಂದು ಅವರಿಗೆ ಯಾರೋ ಮೊದಲೇ ಹೇಳಿರುತ್ತಾರೆ. ಒಳ್ಳೆ ಲೆನ್ಸೇ, ನನ್ನ ಬ್ಯಾಗಿನಲ್ಲೂ ಇದೆ. ಆದರೆ ಬಯಲಲ್ಲಿ ನನಗೆ ಜಾಸ್ತಿ ಬ್ಲರ್ ಕೊಡುವುದು 55-250 ಜೂಮ್. ಪೂರ್ತಿ ಜೂಮ್ ಮಾಡಿದಾಗ ಅದರ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಎಫ್/5.6 ಅಷ್ಟೇ!

ಫೋಕಲ್ ಲೆಂತನ್ನು (ಲೆನ್ಸಿನ ಮೇಲಿನ 50, 250 ಎಂಬ ಎಂಎಂ ಸಂಖ್ಯೆ) ಎಫ್ ನಂಬರಿನಿಂದ (ಎಫ್/ ಆದಮೇಲಿನ ಅಂಕೆ) ಭಾಗಿಸಿ. ಬೆಳಕು ಒಳಗೆ ಬರುವ ಕಿಂಡಿಯ ಅಗಲ ಸಿಗುತ್ತದೆ. 50 ಎಂಎಂ ಲೆನ್ಸಿಗೆ ಸುಮಾರು 28 ಮಿ.ಮೀ., 250ಕ್ಕೆ ಸುಮಾರು 45. ತುಂಬಾ ದೂರದ ಒಂದು ಬಲ್ಬು ಫೋಟೋದಲ್ಲಿ ದುಂಡಗೆ ಹರಡುತ್ತದಲ್ಲ, ಫೋಕಸ್ ಆದ ಮುಖದ ಅಳತೆಯಲ್ಲಿ ನೋಡಿದರೆ ಆ ಬಿಲ್ಲೆಯ ಅಗಲ ಹೆಚ್ಚುಕಡಿಮೆ ಈ ಕಿಂಡಿಯಷ್ಟೇ. ಫೋನಿನ ಡಬ್ಬದ ಮೇಲೂ ಎಫ್/1.8 ಅಂತಿರುತ್ತದೆ. ಆದರೆ ಅದರ ಕಿಂಡಿ ಮೂರ್ನಾಲ್ಕು ಮಿ.ಮೀ. ಮಾತ್ರ. ಅದಕ್ಕೇ ಪೋರ್ಟ್ರೇಟ್ ಮೋಡ್‌ನಲ್ಲಿ ಸಾಫ್ಟ್‌ವೇರ್ ಬ್ಲರ್ ಬಳಿಯಬೇಕಾಗುತ್ತದೆ, ಕೂದಲಿನ ಅಂಚಿನಲ್ಲಿ ಸಿಕ್ಕಿಬೀಳುತ್ತದೆ.

ಹಿನ್ನೆಲೆ ಹತ್ತಿರವಿದ್ದರೆ ಮಾತ್ರ ಲೆಕ್ಕ ತಿರುಗಿಬಿಡುತ್ತದೆ. ಮದುಮಗಳಿಗೂ ಹಿಂದಿನ ಗೋಡೆಗೂ 2 ಮೀಟರ್ ಅಂತರ ಅಂದುಕೊಳ್ಳಿ. 50 ಎಂಎಂನಲ್ಲಿ ನಾನು 2 ಮೀಟರ್ ದೂರ ನಿಲ್ಲುತ್ತೇನೆ. ಆಗ ಬಿಲ್ಲೆ ಕಿಂಡಿಯ ಅರ್ಧ, ಅಂದರೆ 14 ಮಿ.ಮೀ. ಅದೇ ಫ್ರೇಮು 250ರಲ್ಲಿ ಬೇಕಾದರೆ 10 ಮೀಟರ್ ಹಿಂದೆ ಹೋಗಬೇಕು. ಗೋಡೆಯ ದೂರ ಅದರ ಮುಂದೆ ಏನೂ ಅಲ್ಲ. ಬಿಲ್ಲೆ ಕಿಂಡಿಯ ಆರನೇ ಒಂದು ಭಾಗಕ್ಕೆ, ಏಳೆಂಟು ಮಿ.ಮೀ.ಗೆ ಇಳಿಯುತ್ತದೆ. ಹಾಗಾಗಿ ಛತ್ರದೊಳಗೆ 50, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಆಚೆ ದಡದ ಮರಗಳನ್ನು ಹಿಂದೆ ಇಟ್ಟುಕೊಂಡರೆ 250. ಗೋಡೆಗೆ ಅಂಟಿಕೊಂಡು ನಿಂತವರನ್ನು ನಾಲ್ಕು ಹೆಜ್ಜೆ ಮುಂದೆ ಕರೆಯುವುದಂತೂ ಯಾವ ಲೆನ್ಸಿಗಾದರೂ ಲಾಭ, ಖರ್ಚಿಲ್ಲ.

ಡೆಪ್ತ್ ಆಫ್ ಫೀಲ್ಡ್ ಬೇರೆ ಸಂಗತಿ. ಚೂಪಾಗಿ ಕಾಣುವ ಜಾಗದ ಆಳ ಅದು. ಕೆನಾನ್ ಕ್ರಾಪ್ ಸೆನ್ಸರ್‌ನಲ್ಲಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) 50 ಎಂಎಂ, ಎಫ್/1.8, 2 ಮೀಟರ್ ದೂರಕ್ಕೆ ಅದು ಸುಮಾರು 11 ಸೆಂ.ಮೀ. ಅದೇ ಫ್ರೇಮಿಗೆ 250, ಎಫ್/5.6ರಲ್ಲಿ ಸುಮಾರು 34 ಸೆಂ.ಮೀ. ಮುಖ, ಕಿವಿಯೋಲೆ, ಭುಜ ಎಲ್ಲ ಸ್ಪಷ್ಟ, ಆದರೂ ದೂರದ ಹಿನ್ನೆಲೆ ಇನ್ನೂ ಜಾಸ್ತಿ ಕರಗಿರುತ್ತದೆ. ಮದುವೆ ಆಲ್ಬಂಗೆ ನನಗೆ ಬೇಕಾದದ್ದು ಇದೇ.

1 ಮೀಟರಿಗೆ ಬಂದರೆ 50 ಎಂಎಂನಲ್ಲಿ ಆ 11 ಸೆಂ.ಮೀ. ಮೂರಕ್ಕೂ ಕಡಿಮೆ ಆಗುತ್ತದೆ. ಧಾರೆಯ ಹೊತ್ತಿನಲ್ಲಿ ಹಣೆಯ ಬಾಸಿಂಗ ಮಿಂಚುತ್ತಿರುತ್ತದೆ, ಆಟೋಫೋಕಸ್ ಅದನ್ನೇ ಹಿಡಿಯುತ್ತದೆ, ಕಣ್ಣು ಮಸುಕು. ಅದಕ್ಕೆ ಫೋಕಸ್ ಪಾಯಿಂಟನ್ನು ಹತ್ತಿರದ ಕಣ್ಣಿನ ಮೇಲೆ ನಾನೇ ಇಟ್ಟು ಕಿಂಡಿಯನ್ನು ಎಫ್/2.8ಕ್ಕೆ ಕಿರಿದು ಮಾಡುತ್ತೇನೆ. ಗಂಡುಹೆಣ್ಣು ಇಬ್ಬರೂ ಇದ್ದರೆ 2 ಮೀಟರ್ ಹಿಂದೆ ಸರಿದು ಎಫ್/4. ಸಾಲಾಗಿ ನಿಂತ ನೆಂಟರಿಗೆ ಎಫ್/8, ಅಲ್ಲಿ ಯಾರ ಮುಖ ಮಸುಕಾದರೂ ಬೈಗುಳ ತಪ್ಪಿದ್ದಲ್ಲ.

ಭಾನುವಾರ ಸಂಜೆ ಅರಮನೆಯ ದೀಪ ಹಾಕಿದಾಗ ಜೂಮ್ ಹಿಡಿದರೆ ಬಲ್ಬುಗಳೆಲ್ಲ ಚಿನ್ನದ ಬಿಲ್ಲೆ. ನನಗೆ ಬಹಳ ಇಷ್ಟ. ಆದರೆ ಊರಿಂದ ಬಂದ ಅಜ್ಜಿ ಕ್ಯಾಮೆರಾ ಪರದೆ ನೋಡಿ "ಅರಮನೆ ಎಲ್ಲಪ್ಪಾ?" ಅಂದರೆ ಅವರದೇ ಸರಿ. ಆಗ 18-55 ಜೂಮ್‌ನಲ್ಲಿ 18 ಎಂಎಂ, ಎಫ್/8, ಅಜ್ಜಿಗೆ ಎರಡೂವರೆ ಮೀಟರ್ ದೂರದಿಂದ ಫೋಕಸ್. ಸುಮಾರು ಒಂದೂಕಾಲು ಮೀಟರಿನಿಂದ ಹಿಡಿದು ಅರಮನೆ ಗೋಪುರದವರೆಗೆ ಎಲ್ಲವೂ ಸ್ಪಷ್ಟ. ಕತ್ತಲಲ್ವಾ, ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) ಏರಿಸಬೇಕು, ಇಲ್ಲವೇ ಟ್ರೈಪಾಡ್ ಇಟ್ಟು ಅಜ್ಜಿಗೆ ಒಂದು ಕ್ಷಣ ಅಲ್ಲಾಡಬೇಡಿ ಅನ್ನಬೇಕು.