ವರದಿ ಪ್ರಕಾರ 142 ವರ್ಷ, ಪೈಪ್ ತೂತಾದದ್ದು ಆರೇ ವರ್ಷಕ್ಕೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆಮೇಲೆ ಎಷ್ಟೋ ದಿನ ಗಿಣಿಗೇರಾ ಕಡೆಯ ಚಹಾ ಅಂಗಡಿಗಳಲ್ಲಿ ಕೂತವರೆಲ್ಲ ಕಬ್ಬಿಣದ ತಜ್ಞರೇ. ನಾನೂ ಒಂದು ಕಪ್ ಚಹಾ ಹಿಡಿದು ತುಕ್ಕಿನ ಬಗ್ಗೆ ಭಾಷಣ ಮಾಡಿದ್ದೆ. ಆ ತಿಂಗಳ ಕೊನೆಗೆ ನಮ್ಮ ಪ್ಲಾಂಟಿನಲ್ಲೇ ಒಂದು ಪೈಪ್ ತೂತಾಯಿತು.

ನಾನು ಕೊಪ್ಪಳ ಹತ್ತಿರದ ಒಂದು ಸ್ಪಾಂಜ್ ಐರನ್ ಪ್ಲಾಂಟಿನಲ್ಲಿ ಮೆಕ್ಯಾನಿಕಲ್ ಮೇಂಟೆನೆನ್ಸ್ ನೋಡುತ್ತೇನೆ. ತೂತಾದದ್ದು ಸ್ಟ್ಯಾಂಡ್‌ಬೈ ಕೂಲರ್‌ಗೆ ಹೋಗುವ ಕೂಲಿಂಗ್ ವಾಟರ್ ಲೈನು. 6 ಇಂಚು, ಶೆಡ್ಯೂಲ್ 40, ಗೋಡೆ 7.1 ಮಿಮೀ, ಹಾಕಿದ್ದು 2018ರಲ್ಲಿ. ಪೈಪಿನ ಅಡಿಯಿಂದ ಪೆನ್ಸಿಲ್ ದಪ್ಪದ ನೀರು ಚಿಮ್ಮುತ್ತಿತ್ತು. ಕ್ಲ್ಯಾಂಪ್ ಹಾಕಿ ನೀರು ನಿಲ್ಲಿಸಿ ಆಫೀಸಿಗೆ ಬಂದು ಫೈಲ್ ತೆಗೆದರೆ, ತುಕ್ಕಿನ ದರ ಹೇಳುವ ಕೂಪನ್ ವರದಿಯಲ್ಲಿ ವರ್ಷಕ್ಕೆ 0.05 ಮಿಮೀ ಅಂತ ಅಂದವಾಗಿ ಟೈಪ್ ಮಾಡಿತ್ತು. ಆ ಲೆಕ್ಕದಲ್ಲಿ 7.1 ಮಿಮೀ ಕರಗಲು 142 ವರ್ಷ ಬೇಕು. ನಮ್ಮ ಪೈಪಿಗೆ ಆರು ವರ್ಷ ಸಾಕಾಯಿತು.

ಆ ವರದಿ ಸುಳ್ಳಾಗಿರಲಿಲ್ಲ, ಅದೇ ತಲೆನೋವು. ನಾನೇ ಕೂತು ಮತ್ತೆ ಲೆಕ್ಕ ಹಾಕಿದೆ.

ಕೂಪನ್ ಅಂದರೆ ತೂಕ ನೋಡಿಟ್ಟ ಒಂದು ಸಣ್ಣ ಉಕ್ಕಿನ ಪಟ್ಟಿ. ನಮ್ಮದು 75 × 12 × 1.5 ಮಿಮೀ, ಎಲ್ಲಾ ಮುಖ ಸೇರಿ 20.6 ಚದರ ಸೆಂಮೀ. ಅದನ್ನು ರ‍್ಯಾಕ್‌ನಲ್ಲಿ ಪ್ಲಾಸ್ಟಿಕ್ ಬೋಲ್ಟ್‌ನಿಂದ ಕಟ್ಟಬೇಕು, ಯಾಕೆಂದರೆ ಬೇರೆ ಲೋಹ ತಾಗಿದರೆ ಅದೇ ಒಂದು ಬ್ಯಾಟರಿ ಆಗಿ ಲೆಕ್ಕವೆಲ್ಲ ಕೆಡುತ್ತದೆ. ಬರಿಗೈಯಲ್ಲಿ ಮುಟ್ಟಬಾರದು. 90 ದಿನ, ಅಂದರೆ 2160 ಗಂಟೆ ನೀರಲ್ಲಿ ಇಟ್ಟು ತೆಗೆದು, ತುಕ್ಕು ತೊಳೆದು, ಮತ್ತೆ ತೂಗಬೇಕು. ತೂಕ ಎಷ್ಟು ಮಿಲಿಗ್ರಾಂ ಕಡಿಮೆಯಾಯಿತೋ ಅದನ್ನು 87.6ರಿಂದ ಗುಣಿಸಿ, ಸಾಂದ್ರತೆ (ಉಕ್ಕಿಗೆ 7.85), ವಿಸ್ತೀರ್ಣ, ಗಂಟೆ ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ವರ್ಷಕ್ಕೆ ಎಷ್ಟು ಮಿಮೀ ಅಂತ ಬರುತ್ತದೆ. ನಮ್ಮ ಕೂಪನ್ 204 ಮಿಲಿಗ್ರಾಂ ಕಳೆದುಕೊಂಡಿತ್ತು. ಅದರಲ್ಲಿ 5 ಮಿಲಿಗ್ರಾಂ ತೊಳೆಯುವ ಆಸಿಡ್ಡೇ ತಿಂದದ್ದು. ಉಳಿದ 199 ಹಾಕಿದರೆ ಸರಿಯಾಗಿ 0.05.

ಆ 5 ಮಿಲಿಗ್ರಾಂ ವಿಷಯ ನಾನು ಕಲಿತದ್ದು ಪೆಟ್ಟು ತಿಂದೇ. ಮೊದಲ ಸಲ ಕೂಪನ್ ಕೈಗೆ ಬಂದಾಗ ವೈರ್ ಬ್ರಷ್ ಹಿಡಿದು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ದೆ, ಅದು ತುಕ್ಕಿನ ಜೊತೆ ಒಳ್ಳೆಯ ಉಕ್ಕನ್ನೂ ಕಿತ್ತು ದರ ದುಪ್ಪಟ್ಟಾಗಿ ಕಾಣಿಸಿತು. ಸರಿಯಾದ ಕ್ರಮ ಎಎಸ್‌ಟಿಎಂ ಜಿ1 ಅನ್ನುವ ಮಾನದಂಡದಲ್ಲಿದೆ. ಹೈಡ್ರೋಕ್ಲೋರಿಕ್ ಆಸಿಡ್‌ಗೆ ನೀರು ಮತ್ತು ಸ್ವಲ್ಪ ಹೆಕ್ಸಮೀನ್ ಸೇರಿಸಿದ ದ್ರಾವಣದಲ್ಲಿ ಹತ್ತು ನಿಮಿಷ ಮುಳುಗಿಸಬೇಕು. ಹೆಕ್ಸಮೀನ್ ಇದ್ದರೆ ಆಸಿಡ್ ಒಳ್ಳೆಯ ಉಕ್ಕನ್ನು ಅಷ್ಟಾಗಿ ಮುಟ್ಟುವುದಿಲ್ಲ. ಜೊತೆಗೆ ನೀರಿಗೇ ಹಾಕದ ಹೊಸ ಕೂಪನ್ ಒಂದನ್ನು ಅದೇ ದ್ರಾವಣದಲ್ಲಿ ಅಷ್ಟೇ ಹೊತ್ತು ಅದ್ದಿ, ಅದು ಎಷ್ಟು ಕಳೆದುಕೊಂಡಿತೋ ಅಷ್ಟನ್ನು ಕಳೆಯಬೇಕು.

ಇನ್ನೊಂದು ಗೊಂದಲ ಯೂನಿಟ್‌ದು. ಕೆಮಿಕಲ್ ಹಾಕುವವರ ವರದಿ ಎಂಪಿವೈನಲ್ಲಿ ಇರುತ್ತದೆ, ವರ್ಷಕ್ಕೆ ಇಷ್ಟು ಮಿಲ್ ಅಂತ. ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು, 0.0254 ಮಿಮೀ. ಒಂದು ಸಲ ನಮ್ಮ ಮೇಲಿನವರು ವರದಿಯ "2" ನೋಡಿ ವರ್ಷಕ್ಕೆ 2 ಮಿಮೀ ಅಂದುಕೊಂಡು ಮೀಟಿಂಗ್ ಕರೆದಿದ್ದರು. ಸುಮಾರು 40 ಪಟ್ಟು ವ್ಯತ್ಯಾಸ!

ಸರಿ, ಲೆಕ್ಕ ಸರಿ ಇದೆ, ಪೈಪ್ ಮಾತ್ರ ತೂತು. ಪೈಪ್ ಕತ್ತರಿಸಿದಾಗ ಉತ್ತರ ಒಳಗೇ ಇತ್ತು. ಮೇಲಿನ ಅರ್ಧ ನುಣ್ಣಗಿತ್ತು, ತೆಳ್ಳಗೆ ಒಂದು ಪದರ ತುಕ್ಕು ಅಷ್ಟೇ. ಅಡಿಯಲ್ಲಿ ಮಾತ್ರ ಎರಡು ಬೆರಳು ಕೆಸರು. ನಮ್ಮ ಕಡೆಯ ಗಾಳಿ ಗೊತ್ತಲ್ಲ, ಅದಿರಿನ ಧೂಳು, ಕಲ್ಲಿದ್ದಲ ಧೂಳು ಎಲ್ಲಾ ಕೂಲಿಂಗ್ ಟವರ್‌ಗೇ ಬಂದು ಬೀಳುತ್ತದೆ. ಸ್ಟ್ಯಾಂಡ್‌ಬೈ ಲೈನಿನಲ್ಲಿ ನೀರು ಓಡುವುದಿಲ್ಲ, ಹಾಗಾಗಿ ಅಲ್ಲೇ ಕೂರುತ್ತದೆ. ಕೆಸರಿನ ಕೆಳಗೆ ಕೆಂಪು ಗುಬುಟು, ಗುಬುಟು ಒಡೆದರೆ ಕಪ್ಪು ಪೇಸ್ಟ್, ಪೇಸ್ಟ್ ಕೆರೆದರೆ ಕುಣಿ. ಬಯಲಲ್ಲಿ ನಿಂತು ಆ ಕಪ್ಪು ಪೇಸ್ಟ್ ಮೇಲೆ ಎರಡು ಹನಿ ಆಸಿಡ್ ಬಿಟ್ಟೆ. ಕೊಳೆತ ಮೊಟ್ಟೆ ವಾಸನೆ ಬಂತು. ಅಂದರೆ ಐರನ್ ಸಲ್ಫೈಡ್ ಇದೆ, ಗಾಳಿ ಇಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾ ಒಳಗೆ ಮನೆ ಮಾಡಿಕೊಂಡಿರುವ ಸಾಧ್ಯತೆ ಜಾಸ್ತಿ.

ಕೆಸರಿನ ಕೆಳಗೆ ಆಮ್ಲಜನಕ ಕಡಿಮೆ, ಹೊರಗೆ ಜಾಸ್ತಿ. ಈ ವ್ಯತ್ಯಾಸದಿಂದ ಕೆಳಗಿನ ಸಣ್ಣ ಜಾಗ ಕರಗುತ್ತಾ ಹೋಗುತ್ತದೆ, ಸುತ್ತಲಿನ ದೊಡ್ಡ ಜಾಗ ಸುಮ್ನೆ ಕೂತಿರುತ್ತದೆ. ಕ್ಲೋರೈಡ್ ಕೂಡ ಕುಣಿಯೊಳಗೇ ಸೇರಿಕೊಂಡು ಅಲ್ಲಿನ ನೀರು ಹುಳಿಯಾಗುತ್ತದೆ. ನಾವು ಟವರ್‌ಗೆ ಹಾಕುವ ಇನ್‌ಹಿಬಿಟರ್, ಅಂದರೆ ತುಕ್ಕು ತಡೆಯುವ ಕೆಮಿಕಲ್, ಅಲ್ಲಿಗೆ ಇಳಿಯುವುದೇ ಇಲ್ಲ. ಆದರೆ ಕೂಪನ್ ರ‍್ಯಾಕ್ ಎಲ್ಲಿತ್ತು? ಪಂಪ್‌ಹೌಸ್ ಪಕ್ಕ, ಕೆಮಿಕಲ್ ಡೋಸಿಂಗ್ ಆದ ಕೂಡಲೇ, ನೀರು ಜೋರಾಗಿ ಓಡುವ, ಪ್ಲಾಂಟಿನಲ್ಲೇ ಅತಿ ಚೊಕ್ಕ ಜಾಗದಲ್ಲಿ. ಮನೆ ಮುಂದಿನ ಅಂಗಳ ನೋಡಿ ಹಿತ್ತಲಿಗೂ ಸರ್ಟಿಫಿಕೇಟ್ ಕೊಟ್ಟ ಹಾಗಾಗಿತ್ತು.

ಆಮೇಲೆ ಪ್ಲಾಂಟಿನ ಉಳಿದ ಪೈಪುಗಳದ್ದೆಲ್ಲ ದಪ್ಪ ಅಳೆಯಬೇಕು ಅಂತ ಆರ್ಡರ್ ಆಯಿತು. ಅಲ್ಟ್ರಾಸಾನಿಕ್ ಥಿಕ್‌ನೆಸ್ ಮೀಟರ್ ಹಿಡಿದು ಹೊರಟೆವು, ನಾನು ಮತ್ತು ನಮ್ಮ ಹಳೇ ಫಿಟ್ಟರ್. ಅವರಿಗೆ ಎಲ್ಲರೂ ಕಾಕಾ ಅಂತಲೇ ಕರೆಯುವುದು. ಹೊರಡುವ ಮುಂಚೆ ಮೇನ್ ರಿಟರ್ನ್ ಲೈನಿನ ಹಳೇ ರಿಜಿಸ್ಟರ್ ತೆಗೆದೆವು. ಅದೂ 6 ಇಂಚಿನದೇ. ಒಂದು ಪಾಯಿಂಟ್‌ನ ದಪ್ಪ 2021ರಲ್ಲಿ 6.6 ಮಿಮೀ, 2023ರಲ್ಲಿ 6.9. ಕಾಕಾ ಕಣ್ಣು ಕಿರಿದು ಮಾಡಿ ನೋಡಿ, "ಸರ, ಪೈಪಿಗೆ ಏನು ಉಣ್ಣಾಕ ಹಾಕೀರಿ? ದಪ್ಪ ಆಗೈತಲ್ರಿ" ಅಂದರು.

ಉಣಿಸಿದ್ದು ಪೇಂಟ್. 2022ರಲ್ಲಿ ಲೈನಿಗೆ ಬಣ್ಣ ಹೊಡೆದಿದ್ದರು, 2023ರಲ್ಲಿ ಅಳೆದವರು ಬಣ್ಣದ ಮೇಲೇ ಪ್ರೋಬ್ ಇಟ್ಟಿದ್ದರು. ಮೀಟರ್ ಅಳೆಯುವುದು ಶಬ್ದ ಗೋಡೆಯೊಳಗೆ ಹೋಗಿ ಬರುವ ಸಮಯ, ದಪ್ಪವನ್ನಲ್ಲ. ಶಬ್ದ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5900 ಮೀಟರ್ ಓಡುತ್ತದೆ, ಪೇಂಟಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಕಾಲು ಮಿಮೀ ಪೇಂಟ್ ಮೀಟರ್‌ನಲ್ಲಿ ಸುಮಾರು 0.6 ಮಿಮೀ ಉಕ್ಕಾಗಿ ಸೇರಿಕೊಳ್ಳುತ್ತದೆ. ಪೇಂಟ್ ಬಿಟ್ಟು ಅಳೆಯುವ ಎಕೋ-ಟು-ಎಕೋ ಮೋಡ್ ಇರುವ ಮೀಟರ್‌ಗಳಿವೆ, ನಮ್ಮದರಲ್ಲಿ ಇರಲಿಲ್ಲ. ನಾವು ರೂಪಾಯಿ ಬಿಲ್ಲೆಯಷ್ಟು ಅಗಲ ಪೇಂಟ್ ಕೆರೆದು, ಗ್ರೀಸ್ ಹಚ್ಚಿ ಅಳೆದು, ಆಮೇಲೆ ಪ್ರೈಮರ್ ಬಳಿದೆವು. ಬಂದದ್ದು 5.9.

ಈಗ ನೋಡಿ ಆಟ. ರಿಜಿಸ್ಟರ್ ನಂಬಿದರೆ ಒಂದೇ ವರ್ಷದಲ್ಲಿ 6.9ರಿಂದ 5.9, ಅಂದರೆ ವರ್ಷಕ್ಕೆ 1 ಮಿಮೀ, ನಾಳೆಯೇ ಶಟ್‌ಡೌನ್ ಕೇಳಬೇಕು. ಪೇಂಟ್ ಕಳೆದರೆ 2023ರ ನಿಜವಾದ ಅಂಕಿ 6.3 ಸುಮಾರು. ಆಗ ಕಳೆದ ವರ್ಷದ ದರ 0.4. 2021ರಿಂದ ನೋಡಿದರೆ ಮೂರು ವರ್ಷಕ್ಕೆ 0.7, ಅಂದರೆ ವರ್ಷಕ್ಕೆ 0.23. ಇನ್ನು ಪೈಪ್ ಹಾಕಿದ 2018ರಿಂದ ಲೆಕ್ಕ ಹಾಕೋಣ ಅಂದರೆ, ಆಗ ಯಾರೂ ಅಳೆದೇ ಇಲ್ಲ. ಕ್ಯಾಟಲಾಗಿನ 7.1 ಬರೆದುಕೊಂಡಿದ್ದಾರೆ. ಸೀಮ್‌ಲೆಸ್ ಪೈಪ್ ಹೇಳಿದ ದಪ್ಪಕ್ಕಿಂತ 12.5 ಪರ್ಸೆಂಟ್ ತೆಳ್ಳಗೆ ಬಂದರೂ ಪಾಸ್ ಆಗುತ್ತದೆ, ಅಂದರೆ ಹೊಸ ಪೈಪೇ 6.2 ಇರಬಹುದು! 2021ರಲ್ಲಿ 6.6 ಬಂದಾಗ "ಅರ್ಧ ಮಿಮೀ ಹೋಯ್ತು" ಅಂತ ಬರೆದವರು, ಇರದೇ ಇದ್ದ ಉಕ್ಕನ್ನೂ ಕಳೆದಿರಬಹುದು. ಹೊಸ ಪೈಪ್ ಹಾಕಿದ ದಿನವೇ ಒಮ್ಮೆ ಅಳೆದಿಡಬೇಕು ಅನ್ನುವುದು ಇದಕ್ಕೇ. ಹತ್ತು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಒಂದು ವರ್ಷದ 0.4 ಅನ್ನೂ ನಾನು ಪೂರ್ತಿ ನಂಬಲಿಲ್ಲ. ಬಯಲಲ್ಲಿ, ಏಣಿ ಮೇಲೆ ನಿಂತು, ಬೇರೆ ಬೇರೆ ಕೈ ಹಿಡಿದ ಪ್ರೋಬ್‌ನಲ್ಲಿ 0.1 ಮಿಮೀ ಆಚೀಚೆ ಸಹಜ. ಎರಡು ರೀಡಿಂಗ್ ಸೇರಿದರೆ 0.2 ತಪ್ಪಬಹುದು. ಒಂದು ವರ್ಷದ ಅಂತರಕ್ಕೆ ಅದು 0.4 ಅನ್ನು 0.2 ಆಗಿಯೂ ತೋರಿಸಬಹುದು, 0.6 ಆಗಿಯೂ ತೋರಿಸಬಹುದು. ಇದೇ ತಪ್ಪು ಮೂರು ತಿಂಗಳ ಅಂತರದಲ್ಲಿ ಆದರೆ ವರ್ಷಕ್ಕೆ 0.8 ಮಿಮೀ ತುಕ್ಕು ಸುಮ್ನೆ ಗಾಳಿಯಲ್ಲಿ ಹುಟ್ಟುತ್ತದೆ. "ತಿಂಗಳು ತಿಂಗಳು ಅಳೆಯಿರಿ, ಸೇಫ್ಟಿ" ಅನ್ನುವವರಿಗೆ ನಾನು ಹೇಳುವುದು ಇಷ್ಟೇ, ನೀವು ತುಕ್ಕನ್ನಲ್ಲ, ಕೈ ನಡುಕವನ್ನು ಅಳೆಯುತ್ತಿದ್ದೀರಿ.

ಪೈಪಿನ ಉಳಿದ ಆಯಸ್ಸಿನ ಲೆಕ್ಕ ಎಪಿಐ 570 ಅನ್ನುವ ಪೈಪ್ ತಪಾಸಣೆ ಕೋಡ್‌ನ ರೀತಿ ಹಾಕಿದೆ. ಈಗಿನ ದಪ್ಪದಿಂದ ಬೇಕೇ ಬೇಕಾದ ದಪ್ಪ ಕಳೆದು, ದರದಿಂದ ಭಾಗಿಸುವುದು. ಬೇಕಾದ ದಪ್ಪ ಎಷ್ಟು ಅನ್ನುವುದರಲ್ಲೇ ವಾದ ನಡೆಯಿತು. ಬರೀ 4 ಬಾರ್ ಒತ್ತಡಕ್ಕೆ ಈ ಪೈಪಿಗೆ ಅರ್ಧ ಮಿಮೀ ಕೂಡ ಬೇಕಿಲ್ಲ. ಆದರೆ ಪೈಪಿನ ಭಾರ, ಒಳಗಿನ ನೀರು, ಮೇಲೆ ಹತ್ತಿ ನಿಲ್ಲುವ ನಮ್ಮ ಜನ ಎಲ್ಲ ನೋಡಿ 3 ಮಿಮೀ ಇಟ್ಟುಕೊಂಡೆವು. 0.4 ಹಿಡಿದರೆ ಏಳು ವರ್ಷ ಚಿಲ್ಲರೆ, 0.23 ಹಿಡಿದರೆ ಹನ್ನೆರಡೂವರೆ. ಅನುಮಾನ ಇದ್ದಾಗ ಕೆಟ್ಟ ಅಂಕಿಯೇ ಇರಲಿ ಅಂತ ಏಳನ್ನೇ ಬರೆದೆ. ಅದರ ಅರ್ಧದೊಳಗೆ ಮತ್ತೆ ಅಳೆಯಬೇಕು ಅನ್ನುವುದು ನಿಯಮ, ನಾವು ವರ್ಷಕ್ಕೊಮ್ಮೆ ಅಂತ ಇಟ್ಟುಕೊಂಡೆವು. ಅದೂ ಪೈಪಿನ ಅಡಿಯುದ್ದಕ್ಕೂ ಪ್ರೋಬ್ ಎಳೆದು ಅತಿ ಕಡಿಮೆ ಬಂದದ್ದನ್ನು ಬರೆಯುವುದು. ನಾಲ್ಕು ಪಾಯಿಂಟ್ ಮುಟ್ಟಿ ಸರಾಸರಿ ಬರೆದರೆ ಕುಣಿ ಸಿಗುವುದಿಲ್ಲ.

ಸ್ಟ್ಯಾಂಡ್‌ಬೈ ಲೈನ್ ಬದಲಿಸಿದೆವು. ಅದರ ಅತಿ ತಗ್ಗಿನ ಜಾಗಕ್ಕೆ ಫ್ಲಶಿಂಗ್ ವಾಲ್ವ್ ಇಟ್ಟು, ಅಲ್ಲೇ ಒಂದು ಕೂಪನ್ ಇಳಿಬಿಟ್ಟೆ. ಕೆಸರು ಏನು ಮಾಡುತ್ತದೆ ನೋಡೋಣ ಅಂತ ಮೊದಲ 90 ದಿನ ಬೇಕಂತಲೇ ಫ್ಲಶ್ ಮಾಡಲಿಲ್ಲ. ತೂಕದ ಲೆಕ್ಕದಲ್ಲಿ 0.09 ಬಂತು, ನೋಡಲು ಪರವಾಗಿಲ್ಲ ಅನ್ನಿಸುವ ಅಂಕಿ. ಆದರೆ ಡೆಪ್ತ್ ಗೇಜ್ ಇಟ್ಟು ನೋಡಿದರೆ ಅತಿ ಆಳದ ಕುಣಿ 0.2 ಮಿಮೀ. ವರ್ಷಕ್ಕೆ 0.8! ಈಗ ವರದಿಯಲ್ಲಿ ತೂಕದ ದರದ ಪಕ್ಕ ಕುಣಿಯ ಆಳಕ್ಕೂ ಒಂದು ಕಾಲಂ ಇದೆ. ಕೆಮಿಕಲ್‌ನವರಿಗೆ ಅದು ಅಷ್ಟು ಇಷ್ಟವಿಲ್ಲ.

ಫ್ಲಶಿಂಗ್ ಈಗ ವಾರಕ್ಕೊಮ್ಮೆ, ಶನಿವಾರ ಕಾಕಾನೇ ವಾಲ್ವ್ ತೆಗೆಯುತ್ತಾರೆ. ರಿಜಿಸ್ಟರ್‌ನಲ್ಲಿ "ಪೇಂಟ್ ಕೆರೆದು / ಕೆರೆಯದೆ" ಅಂತ ಇನ್ನೊಂದು ಕಾಲಂ ಹಾಕಿದ್ದೇವೆ, ಯಾರು ಅಳೆದರು ಅನ್ನುವುದಕ್ಕೂ ಒಂದು. ಆದರೂ ಹೋದ ಸಲ ಎರಡು ಪಾಯಿಂಟ್‌ಗಳಲ್ಲಿ ಪೈಪ್ 0.1 ಮಿಮೀ ದಪ್ಪ ಆಗಿದೆ. ಕಾಕಾ ಅಳಿಸಿಬಿಡ್ರಿ ಅಂದರು. ನಾನು ಹಾಗೇ ಬಿಟ್ಟಿದ್ದೇನೆ.